ಕುಡಿತ ಬಿಟ್ಟೆ, ಎಸ್‌ಜಿಪಿಟಿ ಇಳಿಯಲಿಲ್ಲ

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ, ತೋಟದ ಕೆಲಸ. ಹದಿನೈದು ವರ್ಷ ದಿನಾ ಸಂಜೆ ಒಂದು ಕ್ವಾರ್ಟರ್ ಕುಡಿಯುತ್ತಿದ್ದೆ. ಹೊಸತೊಡಕಿನ ರಾತ್ರಿಯೇ ಕೊನೆ, ಐದು ತಿಂಗಳಾಯಿತು. ಬಿಟ್ಟಾಗ ಎಸ್‌ಜಿಒಟಿ 148, ಎಸ್‌ಜಿಪಿಟಿ 70, ಜಿಜಿಟಿ 310 ಇತ್ತು. ಈಗ ಎಸ್‌ಜಿಒಟಿ 44, ಎಸ್‌ಜಿಪಿಟಿ 68, ಜಿಜಿಟಿ 62. ಬಿಲಿರುಬಿನ್, ಆಲ್ಬುಮಿನ್ ಸರಿಯಿವೆ, ಪ್ಲೇಟ್‌ಲೆಟ್ 2.1 ಲಕ್ಷ. ತೂಕ 6 ಕೆ.ಜಿ. ಏರಿದೆ. ಬೆಳಿಗ್ಗೆ ಅಮೃತಬಳ್ಳಿ ಕಷಾಯ ಕುಡಿಯುತ್ತೇನೆ. ರಿಪೋರ್ಟ್ ನೋಡಿದ ಹೆಂಡತಿ, ‘ಕದ್ದು ಕುಡೀತಿದ್ದೀರಾ?’ ಎಂದು ಕೇಳಿದಳು. ನನ್ನ ಲಿವರ್ ಹಾಳಾಗಿಯೇ ಹೋಯಿತೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೊದಲು ನಿಮ್ಮ ಮನೆಯವರ ಪ್ರಶ್ನೆ. ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ಅವರಿಗೆ ತೋರಿಸಿ. ಹಳೆಯದರಲ್ಲಿ ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡರಷ್ಟನ್ನೂ ದಾಟಿದೆ. ಅದು ಕುಡಿತದ ಗುರುತು. ದಿನಾ ಕುಡಿಯುವವರ ಮೈಯಲ್ಲಿ ಬಿ6 ಜೀವಸತ್ವ ಕಡಿಮೆಯಿರುತ್ತದೆ. ಅದರ ಕೊರತೆಯಿದ್ದಾಗ ಎಸ್‌ಜಿಪಿಟಿ ಹೆಚ್ಚು ಮೇಲೇಳುವುದಿಲ್ಲ. ಹೊಸ ರಿಪೋರ್ಟಿನಲ್ಲಿ ಲೆಕ್ಕ ತಿರುವುಮುರುವಾಗಿ ಎಸ್‌ಜಿಪಿಟಿ ಮುಂದಿದೆ. ಜಿಜಿಟಿಯಂತೂ ಐದನೇ ಒಂದು ಪಾಲಿಗೆ ಬಂದಿದೆ. ದಿನಾ ಕ್ವಾರ್ಟರ್ ನಡೆಯುತ್ತಿದ್ದರೆ ಹೀಗೆ ಇಳಿಯುವುದು ಕಷ್ಟ. ಹಾಗಂತ ಈ ಕಾಗದ ನಿಮ್ಮ ಪರವಾಗಿ ಆಣೆ ಇಡಲಾರದು. ತಿಂಗಳಿಗೊಮ್ಮೆ ಎರಡು ಪೆಗ್ ಹಾಕುವವರನ್ನು ಈ ಪರೀಕ್ಷೆಗಳು ಹಿಡಿಯುವುದಿಲ್ಲ.

ಹಾಗಾದರೆ 68 ಎಲ್ಲಿಂದ ಬಂತು? ಇವೆಲ್ಲ ಲಿವರ್‌ನ ಜೀವಕೋಶಗಳೊಳಗೆ ಇರಬೇಕಾದ ಕಿಣ್ವಗಳು. ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತವೆ. ಸೋರಿದ ಎಸ್‌ಜಿಒಟಿ ಒಂದು ದಿನದೊಳಗೆ, ಎಸ್‌ಜಿಪಿಟಿ ಸುಮಾರು ಎರಡು ದಿನದಲ್ಲಿ, ಜಿಜಿಟಿ ಎರಡು-ಮೂರು ವಾರದಲ್ಲಿ ಅರ್ಧಕ್ಕೆ ಇಳಿಯುತ್ತವೆ. ಅಂದಮೇಲೆ ಯುಗಾದಿಯ ಹೊತ್ತಿಗೆ ಸೋರಿದ್ದು ಇಂದಿಗೆ ಉಳಿದಿಲ್ಲ. ಈಗಲೂ ಏನೋ ಸಣ್ಣಗೆ ಸೋರುತ್ತಿದೆ.

ನನ್ನ ಮೊದಲ ಗುಮಾನಿ ಆ 6 ಕೆ.ಜಿ. ಮೇಲೆ. ಕುಡಿತ ಬಿಟ್ಟು ಬಂದವರನ್ನು ನಾನು ಮೊದಲು ಕೇಳುವುದು, ‘ಸಂಜೆ ಏಳಕ್ಕೆ ಎಲ್ಲಿರ್ತೀರಿ?’ ಎಂದು. ಒಬ್ಬರು ಹಳೆಯ ಬಾರಿನ ಎದುರಿನ ಬೇಕರಿಯಲ್ಲೇ ಕೂರುತ್ತಿದ್ದರು. ಒಂದು ದಿಲ್‌ಪಸಂದ್, ಮೇಲೊಂದು ಬಾದಾಮಿ ಹಾಲು, ಜೇಬಿಗೆ ಒಂದು ಪೊಟ್ಟಣ ಖಾರ ಬೂಂದಿ. ಮನೆಗೆ ಹೋಗಿ ಮಾಮೂಲಿ ಊಟ. ಬಿಟ್ಟ ಹೊಸದರಲ್ಲಿ ಸಿಹಿಯ ಚಪಲ ಸಹಜ, ಅದಕ್ಕೆ ನಾಚಬೇಕಾಗಿಲ್ಲ. ಆದರೆ ಹೊಟ್ಟೆ ಮುಂದೆ ಬಂದಂತೆ ಲಿವರ್‌ನಲ್ಲೂ ಕೊಬ್ಬು ಕೂರುತ್ತದೆ. ಎಸ್‌ಜಿಪಿಟಿ ಮುಂದೆ, ಎಸ್‌ಜಿಒಟಿ ಹಿಂದೆ ಇರುವುದು ಇಂಥ ಫ್ಯಾಟಿ ಲಿವರ್‌ನಲ್ಲೇ ಹೆಚ್ಚು. ಏರಿದ ತೂಕವನ್ನು ಆರು ತಿಂಗಳಲ್ಲಿ ನಿಧಾನವಾಗಿ ಇಳಿಸಿ, ನಂಬರ್ ತಾನೇ ಇಳಿಯುವ ಸಾಧ್ಯತೆ ಚೆನ್ನಾಗಿದೆ. ನಿಮ್ಮ ಸೀಮೆಯ ಕಾಫಿಯನ್ನು ಬಿಡಬೇಡಿ, ಅದು ಲಿವರ್‌ಗೆ ಒಳ್ಳೆಯದೇ. ಸಕ್ಕರೆ ಮಾತ್ರ ಬೇಡ.

ಎರಡನೆಯ ಗುಮಾನಿ ಕಷಾಯದ ಮೇಲೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಊತ ಬಂದವರ ಬಗ್ಗೆ ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ನಮಗೆ ಬೇಡ. ಆರು ವಾರ ಕಷಾಯ ನಿಲ್ಲಿಸಿ, ಮತ್ತೆ ರಕ್ತ ಕೊಡಿ. ‘ಲಿವರ್ ಟಾನಿಕ್’ ಇದ್ದರೆ ಅದನ್ನೂ ನಿಲ್ಲಿಸಿ.

ನೀವು ಬರೆಯದ ಒಂದು ಸಂಗತಿ ಕೇಳಬೇಕು. ಕುಡಿತ ಬಿಡಿಸಲು ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಅಪರೂಪಕ್ಕೆ ಅದೇ ಲಿವರ್‌ಗೆ ದೊಡ್ಡ ಪೆಟ್ಟು ಕೊಡುತ್ತದೆ. ಹೌದಾದರೆ ಮಾತ್ರೆ ಬರೆದವರಿಗೆ ಇದೇ ವಾರ ರಿಪೋರ್ಟ್ ತೋರಿಸಿ. ಗಂಡನಿಗೆ ಗೊತ್ತಾಗದಂತೆ ಸಾರಿಗೆ ಬೆರೆಸುವ ಮನೆಗಳನ್ನೂ ಕಂಡಿದ್ದೇನೆ. ಅದು ಅಪಾಯದ ಕೆಲಸ. ನಿಮ್ಮಲ್ಲಿ ಹಾಗೇನಾದರೂ ನಡೆದಿದ್ದರೆ ಮನೆಯವರು ಈಗಲೇ ಹೇಳಿಬಿಡಲಿ, ನೀವು ಸಿಟ್ಟಾಗಬೇಡಿ.

ಇನ್ನು, ಲಿವರ್ ಹಾಳಾಯಿತೇ ಎಂಬುದು. ಅದನ್ನು ಎಸ್‌ಜಿಪಿಟಿ ಹೇಳುವುದಿಲ್ಲ. ಸಿರೋಸಿಸ್ ಬಲಿತವರಲ್ಲೂ ಅದು ನಾರ್ಮಲ್ ಇರಬಹುದು. ಲಿವರ್ ಗಟ್ಟಿಯಾಗುತ್ತ ಹೋದಂತೆ ಪ್ಲೇಟ್‌ಲೆಟ್ ಮತ್ತು ಆಲ್ಬುಮಿನ್ ಇಳಿಯುತ್ತವೆ, ನಿಮ್ಮವು ಇಳಿದಿಲ್ಲ. ವಯಸ್ಸು, ಎರಡು ಕಿಣ್ವ ಮತ್ತು ಪ್ಲೇಟ್‌ಲೆಟ್ ಸೇರಿಸಿ ಹಾಕುವ ‘ಫಿಬ್-4’ ಲೆಕ್ಕದಲ್ಲಿ ನಿಮಗೆ ಸುಮಾರು 1.17 ಬರುತ್ತದೆ. 1.3ಕ್ಕಿಂತ ಕೆಳಗಿದ್ದರೆ ಲಿವರ್ ಹೆಚ್ಚು ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ಆದರೂ ಹದಿನೈದು ವರ್ಷದ ಕುಡಿತ, ಹಾಗಾಗಿ ಒಮ್ಮೆ ಅಲ್ಟ್ರಾಸೌಂಡ್ ಮತ್ತು ಫೈಬ್ರೋಸ್ಕ್ಯಾನ್ ಮಾಡಿಸಿ. ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಮೂರು ತಿಂಗಳ ಸಕ್ಕರೆಯ ಎಚ್‌ಬಿಎ1ಸಿ ಬಿಡಬೇಡಿ. ಕಣ್ಣು ಹಳದಿಯಾದರೆ, ಕಾಲು ಊದಿದರೆ, ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ಆರು ವಾರ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ತೋಟದ ಕೆಲಸ ಎಂದಿರಿ. ಎಸ್‌ಜಿಒಟಿ ಸ್ನಾಯುಗಳಲ್ಲೂ ಹೃದಯದಲ್ಲೂ ಇದೆ. 1954ರಲ್ಲಿ ಅದರ ಉಪಯೋಗವನ್ನು ಮೊದಲು ಕಂಡುಕೊಂಡದ್ದೇ ಹೃದಯಾಘಾತ ಪತ್ತೆಗೆ. ಮೈಮುರಿದು ದುಡಿದ ಮೇಲೆ ಎಸ್‌ಜಿಪಿಟಿಯೂ ಸ್ವಲ್ಪ ಏರಬಹುದು. ಆದ್ದರಿಂದ ಮುಂದಿನ ಸಲ ರಕ್ತ ಕೊಡುವ ಮುಂಚೆ ಒಂದು ವಾರ ಗುಂಡಿ ತೋಡುವ, ಮೂಟೆ ಹೊರುವ ಕೆಲಸ ಬೇರೆಯವರಿಗೆ ವಹಿಸಿ. ಲ್ಯಾಬ್‌ಗೆ ಮನೆಯವರನ್ನೂ ಕರೆದುಕೊಂಡು ಹೋಗಿ, ರಿಪೋರ್ಟನ್ನು ಅವರೇ ಇಸಿದುಕೊಳ್ಳಲಿ.