ಮಂಡಿಯ ಆಪರೇಷನ್‌ಗೆ ಮುನ್ನ

ಕಬಡ್ಡಿ ಆಡುವಾಗ ಕಾಲು ತಿರುಚಿ, ‘ಟಪ್’ ಎಂದು ಸದ್ದಾಗಿ, ಸಂಜೆಯೊಳಗೆ ಮಗಳ ಮಂಡಿ ಊದಿಕೊಂಡಿತೇ? ಎಂಆರ್‌ಐ ವರದಿಯಲ್ಲಿ ‘ಎಸಿಎಲ್’, ಅಂದರೆ ಮಂಡಿಯನ್ನು ಹಿಡಿದಿಡುವ ಒಳಗಿನ ಅಸ್ಥಿರಜ್ಜು, ‘ಹರಿದಿದೆ’ ಎಂದು ಓದಿದ ಕೂಡಲೇ ಆಪರೇಷನ್‌ಗೆ ದಿನ ಗೊತ್ತುಮಾಡಬೇಡಿ. ನೋವು ಇಳಿಯಿತೆಂದು ಮತ್ತೆ ಆಟಕ್ಕೆ ಕಳಿಸುವುದಂತೂ ಇನ್ನೂ ದೊಡ್ಡ ತಪ್ಪು. ಹಿಡಿತ ತಪ್ಪಿದ ಮಂಡಿ ಪದೇ ಪದೇ ಜಾರಿದರೆ ಒಳಗಿನ ಮೆತ್ತೆ, ಅಂದರೆ ಮೆನಿಸ್ಕಸ್ ಕೂಡ ಹರಿಯಬಹುದು.

12–13ರ ಮಕ್ಕಳ ಮಾತೇ ಬೇರೆ. ಮಂಡಿಯ ಬಳಿ ಮೂಳೆ ಬೆಳೆಯುವ ಪದರ ಇನ್ನೂ ಮುಚ್ಚಿರುವುದಿಲ್ಲ. ಆಪರೇಷನ್ನಿನಲ್ಲಿ ಅದಕ್ಕೆ ಪೆಟ್ಟಾದರೆ ಕಾಲು ಸೊಟ್ಟಗಾಗಬಹುದು, ಉದ್ದದಲ್ಲಿ ವ್ಯತ್ಯಾಸ ಬರಬಹುದು. ಮಕ್ಕಳ ಮಂಡಿ ನೋಡಿ ಅನುಭವವಿರುವ ಮೂಳೆತಜ್ಞರನ್ನೇ ಹುಡುಕಿ. ‘ಬೆಳವಣಿಗೆ ಎಷ್ಟು ಬಾಕಿಯಿದೆ? ಮೆನಿಸ್ಕಸ್ ಸರಿಯಿದೆಯೇ?’ ಎಂದು ಬಾಯಿಬಿಟ್ಟು ಕೇಳಿ. ಇನ್ನೊಬ್ಬರ ಅಭಿಪ್ರಾಯ ಪಡೆದರೆ ಮೊದಲಿನ ವೈದ್ಯರಿಗೆ ಅವಮಾನವೇನಲ್ಲ. ಆದರೆ ಮಡಚಿದ ಮಂಡಿ ಸಿಕ್ಕಿಕೊಂಡು ನೇರವಾಗದಿದ್ದರೆ ಮಾತ್ರ ತಡಮಾಡಬೇಡಿ.

ಆಪರೇಷನ್ ಆಗಲಿ ಬಿಡಲಿ, ತಿಂಗಳುಗಟ್ಟಲೆ ಫಿಸಿಯೋಥೆರಪಿ ತಪ್ಪದು. ಆಪರೇಷನ್ ಆದವರು ಆಟಕ್ಕೆ ಮರಳಲು ಸಾಮಾನ್ಯವಾಗಿ 9 ತಿಂಗಳಾದರೂ ಕಾಯಬೇಕು. ಮುಂದಿನ ಟೂರ್ನಿಯ ತಾರೀಖು ಹಿಡಿದು ಅವಸರಿಸುವ ಕೋಚ್‌ಗೆ ಇದನ್ನು ನೀವೇ ಹೇಳಬೇಕಾದೀತು. ಹಾಂ, ಈ ಮಾತುಕತೆಗೆ ಮಗಳನ್ನೂ ಕೂರಿಸಿಕೊಳ್ಳಿ. ದಿನಾ ವ್ಯಾಯಾಮ ಮಾಡಬೇಕಾದವಳು ಅವಳೇ ತಾನೆ.