ಭಾದ್ರಪದದ ಗೌರಿ: ತಿಥಿಯ ಹಬ್ಬ, ನಕ್ಷತ್ರದ ಹಬ್ಬ

ಭಾದ್ರಪದ ಮಾಸವು ಸಮೀಪಿಸಿತೆಂದರೆ ಪರಸ್ಥಳಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಸೊಸೆ ಮೈಸೂರು ಪ್ರಾಂತದವಳು. ಆಕೆಗೆ ಗೌರಿಯೆಂದರೆ ತದಿಗೆಯ ಸ್ವರ್ಣಗೌರಿ, ಮೊರದ ಬಾಗಿನ. ಅತ್ತೆ ಧಾರವಾಡ ಅಥವಾ ವಿಜಾಪುರದ ಕಡೆಯವರು. ಅವರಿಗೆ ಗೌರಿಯೆಂದರೆ ಮೂರು ದಿನ ಮನೆಯಲ್ಲಿ ನಿಲ್ಲುವ ಜ್ಯೇಷ್ಠಾದೇವಿ, ಅಂದರೆ ಮಹಾಲಕ್ಷ್ಮಿ. ವಾಸ್ತವ್ಯವೋ ಪುಣೆ ಅಥವಾ ಮುಂಬಯಿಯ ಎರಡು ಕೋಣೆಗಳ ಮನೆ. ‘ಇವುಗಳಲ್ಲಿ ನಿಜವಾದ ಗೌರೀಹಬ್ಬ ಯಾವುದು? ಯಾವುದನ್ನು ಬಿಡಬೇಕು?’ ಎಂದು ಅನೇಕರು ನಮ್ಮನ್ನು ಕೇಳಿದ್ದಾರೆ. ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

ತದಿಗೆಯ ಗೌರಿ

ಭಾದ್ರಪದ ಶುಕ್ಲ ತೃತೀಯಾ ತಿಥಿಯಂದು ಆಚರಿಸುವುದು ಸ್ವರ್ಣಗೌರೀವ್ರತ. ಮೃತ್ತಿಕೆಯ ಇಲ್ಲವೆ ಅರಿಶಿನದ ಗೌರಿಯನ್ನು ಕಲಶದೊಡನೆ ಸ್ಥಾಪಿಸಿ, ಗೆಜ್ಜೆವಸ್ತ್ರವನ್ನೇರಿಸಿ, ಹದಿನಾರು ಗಂಟಿನ ದಾರವನ್ನು ಪೂಜಿಸಿ ಸುವಾಸಿನಿಯರು ಬಲಗೈಗೆ ಕಟ್ಟಿಕೊಳ್ಳುತ್ತಾರೆ. ಹದಿನಾರು ವರ್ಷ ಆಚರಿಸಿ ಉದ್ಯಾಪನೆ ಮಾಡುವುದು ರೂಢಿ. ಅರಿಶಿನ, ಕುಂಕುಮ, ಬಳೆ, ಕರಿಮಣಿ, ಬಾಚಣಿಗೆ, ಕನ್ನಡಿ, ರವಿಕೆಯ ಕಣ, ಧಾನ್ಯ, ಬೇಳೆ, ಬೆಲ್ಲ, ತೆಂಗಿನಕಾಯಿಗಳನ್ನು ಬಿದಿರಿನ ಮೊರದಲ್ಲಿಟ್ಟು, ಇನ್ನೊಂದು ಮೊರವನ್ನು ಮುಚ್ಚಿ, ಸೆರಗಿನ ಮರೆಯಲ್ಲಿ ಕೊಡುವುದೇ ಬಾಗಿನ. ತಾಯಿಗೆ ಸಲ್ಲುವ ಬಾಗಿನವು ಇದರಲ್ಲಿ ಮುಖ್ಯವಾದುದು. ತವರಿನಿಂದ ಮಗಳಿಗೆ ಗೌರೀಹಬ್ಬದ ಉಡುಗೊರೆ ಬರುವುದೂ ಈ ದಿನದ ನಿಮಿತ್ತವಾಗಿಯೇ. ಗೌರಿಯು ತವರಿಗೆ ಬರುತ್ತಾಳೆ, ಮರುದಿನ ಮಗನಾದ ಗಣೇಶನು ಆಕೆಯನ್ನು ಕರೆದೊಯ್ಯಲು ಬರುತ್ತಾನೆ ಎಂಬ ಭಾವವೇ ಈ ಹಬ್ಬದ ಜೀವ.

ಇದೇ ತಿಥಿಯಂದು ಮಹಾರಾಷ್ಟ್ರದಲ್ಲಿಯೂ ಉತ್ತರ ಭಾರತದಲ್ಲಿಯೂ ಹರಿತಾಲಿಕಾವ್ರತವಿದೆ. ‘ಹರಿತಾ’ ಎಂದರೆ ಒಯ್ಯಲ್ಪಟ್ಟವಳು, ‘ಆಲಿ’ ಎಂದರೆ ಸಖಿ. ಸಖಿಯು ಪಾರ್ವತಿಯನ್ನು ತಪಸ್ಸಿಗಾಗಿ ಅರಣ್ಯಕ್ಕೆ ಕರೆದೊಯ್ದ ಕಥೆಯಿಂದ ಈ ಹೆಸರು ಬಂದಿತು. ಅಲ್ಲಿ ಬಾಗಿನಕ್ಕಿಂತ ಉಪವಾಸ, ಜಾಗರಣೆ ಮತ್ತು ಮರಳಿನ ಲಿಂಗದ ಪೂಜೆಗೆ ಪ್ರಾಧಾನ್ಯ. ತೃತೀಯೆಯು ಗೌರಿಯ ತಿಥಿಯೆಂಬುದಕ್ಕೆ ಬೇರೆ ನಿದರ್ಶನಗಳೂ ಉಂಟು. ರಾಜಸ್ಥಾನದ ಗಣಗೌರ್ ಹಬ್ಬವು ಚೈತ್ರ ಶುಕ್ಲ ತೃತೀಯೆಯಂದು. ನಮ್ಮ ಚೈತ್ರಗೌರಿ ಆರಂಭವಾಗುವುದೂ ಅಂದೇ. ಆಂಧ್ರ, ತೆಲಂಗಾಣಗಳ ಉಂಡ್ರಾಳ್ಳ ತದ್ದೆ, ಅಟ್ಲ ತದ್ದೆಗಳು ಕ್ರಮವಾಗಿ ಭಾದ್ರಪದ, ಆಶ್ವಯುಜ ಮಾಸಗಳ ಬಹುಳ ತದಿಗೆಯಂದು ನಡೆಯುತ್ತವೆ. ಪಕ್ಷ, ಮಾಸಗಳು ಬೇರೆಯಾದರೂ ತಿಥಿ ಒಂದೇ.

ನಕ್ಷತ್ರದ ಗೌರಿ

ಜ್ಯೇಷ್ಠಾದೇವಿಯ ಹಬ್ಬದ ಲೆಕ್ಕವೇ ಬೇರೆ. ಭಾದ್ರಪದ ಶುಕ್ಲಪಕ್ಷದ ಅನೂರಾಧಾ ನಕ್ಷತ್ರದಲ್ಲಿ ಆವಾಹನ, ಜ್ಯೇಷ್ಠಾ ನಕ್ಷತ್ರದಲ್ಲಿ ಪೂಜೆ, ಮೂಲಾ ನಕ್ಷತ್ರದಲ್ಲಿ ವಿಸರ್ಜನೆ. ಇಲ್ಲಿ ತಿಥಿಯು ಗೌಣ, ನಕ್ಷತ್ರವೇ ಪ್ರಧಾನ. ಪುರಾಣಗಳಲ್ಲಿ ಲಕ್ಷ್ಮಿಯ ಅಕ್ಕನೆಂದು ಹೇಳಲಾದ ಅಲಕ್ಷ್ಮಿಗೂ ಜ್ಯೇಷ್ಠಾ ಎಂಬ ಹೆಸರಿರುವುದರಿಂದ ಕೆಲವರು ಶಂಕಿಸುವುದುಂಟು. ಅದಕ್ಕೆ ಕಾರಣವಿಲ್ಲ. ಮನೆಗಳಲ್ಲಿ ಆವಾಹಿಸುವುದು ಮಂಗಲದೇವತೆಯನ್ನೇ. ಜ್ಯೇಷ್ಠಾ ನಕ್ಷತ್ರದಲ್ಲಿ ಪೂಜೆಗೊಳ್ಳುವುದರಿಂದ ಆಕೆಗೆ ಈ ಹೆಸರು.

ನಾವು ರೈಲ್ವೆಯ ಸೇವೆಯಲ್ಲಿದ್ದಾಗ ಸೊಲ್ಲಾಪುರದ ಕಡೆಯ ದೇಶಸ್ಥರ ಮನೆಗಳಲ್ಲಿ ಈ ಹಬ್ಬವನ್ನು ಹತ್ತಿರದಿಂದ ಕಂಡಿದ್ದೇವೆ. ಹೊಸ್ತಿಲಿನಿಂದ ಪೂಜಾಸ್ಥಾನದವರೆಗೆ ಕುಂಕುಮದ ಹೆಜ್ಜೆಗಳನ್ನು ಬರೆದು, ತಟ್ಟೆಯನ್ನು ಬಾರಿಸುತ್ತ ಮುಖಗಳನ್ನು ಒಳಗೆ ತರುತ್ತಾರೆ. ಹಾದಿಯಲ್ಲಿ ಧಾನ್ಯದ ಕೋಣೆ, ಅಡಿಗೆಮನೆಗಳನ್ನೆಲ್ಲ ದೇವಿಗೆ ತೋರಿಸುವುದುಂಟು. ಬಳಿಕ ಹಿತ್ತಾಳೆಯ ಮುಖಗಳನ್ನು ಧಾನ್ಯ ತುಂಬಿದ ಆಸನಗಳ ಮೇಲಿರಿಸಿ ಸೀರೆಯುಡಿಸುತ್ತಾರೆ. ಜ್ಯೇಷ್ಠಾ, ಕನಿಷ್ಠಾ ಎಂದು ಇಬ್ಬರು ದೇವಿಯರು. ಅನೇಕ ಮನೆಗಳಲ್ಲಿ ಅವರ ಮುಂದೆ ಇಬ್ಬರು ಮಕ್ಕಳು. ಕೊಂಕಣಸ್ಥರಲ್ಲಿ ಮುಖಗಳಿಲ್ಲ, ನೀರಿನ ದಡದಿಂದ ತಂದ ಸಣ್ಣ ಹರಳುಗಳೇ ಗೌರಿ.

ಮೊದಲ ದಿನ ಸೊಪ್ಪಿನ ಪಲ್ಯ ಮತ್ತು ಜೋಳದ ರೊಟ್ಟಿಯ ಸರಳ ನೈವೇದ್ಯ. ಪ್ರಯಾಣ ಮಾಡಿ ಬಂದ ಮಗಳಿಗೆ ಮನೆಯಲ್ಲಿದ್ದುದನ್ನು ಬಡಿಸಿದಂತೆ. ಎರಡನೆಯ ದಿನ ಹೋಳಿಗೆ, ಹದಿನಾರು ಬಗೆಯ ತರಕಾರಿ, ಅಂಬಲಿ. ಮೂರನೆಯ ದಿನ ಮೊಸರನ್ನ, ಬೀಳ್ಕೊಡುಗೆ. ಹದಿನಾರು ಎಳೆಯ ದಾರಕ್ಕೆ ಅರಿಶಿನ ಹಚ್ಚಿ ಗಂಟು ಹಾಕಿ ಧರಿಸುವುದು ಇಲ್ಲಿಯೂ ಇದೆ. ವಾಚಕರು ಇದನ್ನು ಗಮನಿಸಬೇಕು: ಎರಡು ಪ್ರಾಂತಗಳ ಆಚಾರಗಳು ಮೇಲುನೋಟಕ್ಕೆ ಭಿನ್ನವಾಗಿದ್ದರೂ ಷೋಡಶ ಸಂಖ್ಯೆಯ ದಾರ ಮತ್ತು ತವರಿಗೆ ಬಂದು ಹೋಗುವ ಮಗಳೆಂಬ ಭಾವ, ಇವೆರಡೂ ಸಮಾನವಾಗಿವೆ.

ಎರಡೂ ಕೂಡಿ ಬರುವವೆ?

ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿದರೆ ಒಂದು ತಿಥಿ. ಆಕಾಶದಲ್ಲಿ 13 ಅಂಶ 20 ಕಲೆ ನಡೆದರೆ ಒಂದು ನಕ್ಷತ್ರ. ಭಾದ್ರಪದ ಮಾಸವು ಆರಂಭವಾಗುವಾಗ ಸೂರ್ಯನು ಸಿಂಹರಾಶಿಯಲ್ಲಿರುತ್ತಾನೆ. ಜ್ಯೇಷ್ಠಾ ನಕ್ಷತ್ರವು ವೃಶ್ಚಿಕದ ಕೊನೆಯ ಭಾಗ. ಚಂದ್ರನು ಅಲ್ಲಿಗೆ ತಲುಪಬೇಕಾದರೆ ಸಪ್ತಮಿಯಿಂದ ನವಮಿಯೊಳಗಿನ ಒಂದು ತಿಥಿ ಬರಲೇಬೇಕು. 2024ರಲ್ಲಿ ಗೌರೀತದಿಗೆಯು ಸೆಪ್ಟೆಂಬರ್ 6ರಂದು, ಜ್ಯೇಷ್ಠಾಪೂಜೆಯು 11ರಂದು ಅಷ್ಟಮಿಗೆ ಬಂದಿತು. 2025ರಲ್ಲಿ ತದಿಗೆಯು ಆಗಸ್ಟ್ 26ಕ್ಕೆ, ಜ್ಯೇಷ್ಠಾಪೂಜೆಯು ಸೆಪ್ಟೆಂಬರ್ 1ರಂದು ನವಮಿಗೆ ಬಂದಿತು. ಆದುದರಿಂದ ಈ ಎರಡು ಹಬ್ಬಗಳು ಒಂದೇ ದಿನ ಎದುರಾಗುವ ಪ್ರಸಂಗವೇ ಇಲ್ಲ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂಬ ಮಾತು ಪಂಚಾಂಗದಿಂದ ಹುಟ್ಟಿದುದಲ್ಲ, ನಮ್ಮ ಮನಸ್ಸಿನಿಂದ ಹುಟ್ಟಿದುದು.

ಆಚರಣೆಯ ಕ್ರಮ

ಕುಲಾಚಾರವು ಪ್ರಬಲವೆಂಬುದು ಹಿರಿಯರ ಮಾತು. ಮನೆಯಲ್ಲಿ ಪರಂಪರೆಯಿಂದ ಬಂದ ಜ್ಯೇಷ್ಠಾದೇವಿಯ ಪೂಜೆಯನ್ನು ಅನನುಕೂಲದ ನೆಪದಿಂದ ಬಿಡುವುದು ಸಲ್ಲದು. ಮೂರು ದಿನ ರಜೆ ದೊರೆಯದಿದ್ದರೆ ಅಡಿಗೆಯನ್ನು ಸಂಕ್ಷೇಪಿಸಬಹುದು. ಹದಿನಾರು ತರಕಾರಿಗಳನ್ನು ಒಂದೇ ಪಲ್ಯದಲ್ಲಿ ಸೇರಿಸುವ ಮನೆಗಳೂ ಉಂಟು. ಆದರೆ ಆವಾಹನ, ವಿಸರ್ಜನೆಗಳ ನಕ್ಷತ್ರವನ್ನು ಪಂಚಾಂಗ ನೋಡಿಯೇ ನಿಶ್ಚಯಿಸಬೇಕು. ಅದೇ ರೀತಿ ಸೊಸೆಯು ತವರಿನಿಂದ ತಂದ ತದಿಗೆಯ ವ್ರತವನ್ನು ‘ನಮ್ಮಲ್ಲಿ ಪದ್ಧತಿಯಿಲ್ಲ’ ಎಂಬ ಒಂದೇ ಮಾತಿನಿಂದ ನಿಲ್ಲಿಸುವುದೂ ಉಚಿತವಲ್ಲ. ಆರಂಭಿಸಿದ ವ್ರತವು ಉದ್ಯಾಪನೆಯವರೆಗೆ ನಡೆಯಲಿ. ಎರಡರಲ್ಲಿಯೂ ಮೊದಲು ಶ್ರೀಹರಿಗೆ ನಿವೇದಿಸಿ, ಆ ನಿವೇದಿತವನ್ನೇ ದೇವಿಗೆ ಸಮರ್ಪಿಸಿ, ದೇವಿಯ ಅಂತರ್ಯಾಮಿಯನ್ನು ಸ್ಮರಿಸುವ ನಮ್ಮ ಕ್ರಮವು ಮರೆಯಬಾರದು.

ಬಾಗಿನದ ವಿಷಯದಲ್ಲಿ ಒಂದು ಮಾತು. ಪ್ಲಾಸ್ಟಿಕ್ ಮೊರದಲ್ಲಿ ಉಪಯೋಗಕ್ಕೆ ಬಾರದ ವಸ್ತುಗಳನ್ನಿಟ್ಟು, ಪಡೆದವರು ಅದನ್ನು ಬಿಚ್ಚದೆ ಮುಂದಿನವರಿಗೆ ದಾಟಿಸುವುದನ್ನು ನಗರಗಳಲ್ಲಿ ಕಾಣುತ್ತೇವೆ. ಐದು ಬಾಗಿನಗಳ ಶಕ್ತಿಯಿಲ್ಲದಿದ್ದರೆ ಎರಡೇ ಆಗಲಿ. ಅಡಿಗೆಗೆ ಬರುವ ಬೇಳೆ, ಉಡಲು ಬರುವ ಕಣ ಅದರಲ್ಲಿರಲಿ. ಮುಂಬಯಿ, ಪುಣೆಗಳಲ್ಲಿ ‘ಸೂಪ್’ ಎಂದು ಕೇಳಿದರೆ, ಚೆನ್ನೈಯಲ್ಲಿ ‘ಮುರಂ’ ಎಂದರೆ ಬಿದಿರಿನ ಮೊರ ಇಂದಿಗೂ ಸಿಗುತ್ತದೆ.

ತಾಯಿಯು ಪತಿಯನ್ನು ಕಳೆದುಕೊಂಡಿದ್ದರೆ ಬಾಗಿನವು ಅತ್ತಿಗೆಗೋ ಅಕ್ಕನಿಗೋ ಸಲ್ಲುವುದು ರೂಢಿ. ಆ ದಿನ ಅಂತಹ ತಾಯಿಯು ಒಳಕೋಣೆಯಲ್ಲಿ ಒಬ್ಬಳೇ ಕುಳಿತಿರುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಆಕೆಗೆ ಸೀರೆ ಕೊಟ್ಟು, ಪಾದಕ್ಕೆರಗಿ, ಮೊದಲ ಪಂಕ್ತಿಯಲ್ಲಿ ಬಡಿಸುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯನ್ನೂ ನಾವು ಕಂಡಿಲ್ಲ. ತವರು ಎಂಬ ಮಾತಿಗೆ ಆಕೆಯೇ ಅರ್ಥ. ಮನೆಯ ಪದ್ಧತಿಯನ್ನು ಬಲ್ಲವಳೂ ಹೆಚ್ಚಾಗಿ ಆಕೆಯೇ: ಯಾವ ಧಾನ್ಯ ತುಂಬಬೇಕು, ದಾರಕ್ಕೆ ಎಷ್ಟು ಎಳೆ, ಬೀಳ್ಕೊಡುವಾಗ ಯಾವ ಹಾಡು. ಇವು ಯಾವ ವ್ರತಪುಸ್ತಕದಲ್ಲಿಯೂ ಮುದ್ರಿತವಾಗಿಲ್ಲ. ಹಿರಿಯರು ಕಾಲವಾದ ಮೇಲೆ ಕೇಳಲು ಯಾರೂ ಇರುವುದಿಲ್ಲ. ಈ ವರ್ಷದ ಹಬ್ಬಕ್ಕೆ ಮುಂಚೆ ಪ್ರತಿಯೊಂದು ಮನೆಯಲ್ಲಿ ಒಂದು ನೋಟುಪುಸ್ತಕ ತೆಗೆದು, ತಾಯಿ ಮತ್ತು ಅತ್ತೆ ಇಬ್ಬರನ್ನೂ ಕೇಳಿ ಎರಡೂ ಕಡೆಯ ಕ್ರಮವನ್ನು ಬರೆದಿಟ್ಟುಕೊಳ್ಳಬೇಕೆಂದು ವಿನಂತಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥