ಪಿಕ್ಚರ್ ಮೊದಲು ಕಿವಿಯಿಂದ ನೋಡು

ತಮ್ಮಾ,

ನೀನು ‘ಕಾಂತಾರ’ವನ್ನು ಹಿಂದಿಯಲ್ಲಿ ನೋಡಿದೆ ಎಂದು ನಿಮ್ಮವ್ವ ಹೇಳಿದಳು. “ಭಾರೀ ಅದ, ಆದ್ರ ಚೀರಾಟ ಜಾಸ್ತಿ” ಎಂಬ ನಿನ್ನ ತೀರ್ಪೂ ನನ್ನ ತನಕ ಬಂತು. ತೀರ್ಪಿನ ಮೇಲೆ ನನಗೆ ತಕರಾರಿಲ್ಲ, ಹಿಂದಿಯ ಮೇಲಿದೆ. ಮನೆಯಲ್ಲಿ ಅಜ್ಜಿಯ ಜೊತೆ ಕನ್ನಡ, ಕಟ್ಟೆಯ ಮೇಲೆ ಗೆಳೆಯರ ಜೊತೆ ಮರಾಠಿ ಆಡುವ ಕಸಬೆ ಡಿಗ್ರಜದ ಹುಡುಗನಿಗೆ ಕುಂದಾಪುರ ಸೀಮೆಯ ಕಥೆಯನ್ನು ಬಾಡಿಗೆಯ ದನಿಯಲ್ಲಿ ಕೇಳುವ ಗ್ರಹಚಾರ ಏನು ಬಂದಿತ್ತು?

ಸಾಂಗ್ಲಿ, ಮಿರಜ್ ಕಡೆ ಹಿಂದಿಯದ್ದೇ ಕೈಗೆ ಬೇಗ ಸಿಗುತ್ತದೆ, ಒಪ್ಪಿದೆ. ‘ಕಾಂತಾರ’ ಕನ್ನಡದಲ್ಲಿ 2022ರ ಸೆಪ್ಟೆಂಬರ್ 30ಕ್ಕೆ ಬಂತು, ಹಿಂದಿಯಲ್ಲಿ ಎರಡು ವಾರ ಬಿಟ್ಟು. ಆದರೆ ಈಗ ಎಲ್ಲವೂ ಫೋನಿನಲ್ಲೇ ಇದೆ. ಕನ್ನಡದ್ದನ್ನು ಹುಡುಕಿ ಹಚ್ಚಲು ಎಷ್ಟು ಹೊತ್ತು ಬೇಕು? ದೈವ ಮೈಮೇಲೆ ಬಂದಾಗಿನ ಆ ಕೂಗಿಗೆ ಡಬ್ಬಿಂಗ್ ಬೇಕಿಲ್ಲ, ಅದು ಎಲ್ಲ ಭಾಷೆಯಲ್ಲೂ ಒಂದೇ. ನೀನು ಕಳೆದುಕೊಂಡದ್ದು ಕೂಗಿಗಿಂತ ಮೊದಲಿನದು: ಶಿವ ಮತ್ತು ಅವನ ಗೆಳೆಯರ ಹರಟೆ, ಬೈಗುಳ, ತಾಯಿ ಕಮಲಕ್ಕನ ಸಿಟ್ಟು. ಆ ಕುಂದಾಪುರದ ಮಾತು ನಮಗೂ ಪೂರ್ತಿ ತಿಳಿಯುವುದಿಲ್ಲ. ತಿಳಿಯದಿದ್ದರೆ ಬಿಡು. ಆ ಜನ ಆ ನೆಲದವರು ಅಂತ ಕಿವಿಗೆ ನಂಬಿಕೆ ಬರುತ್ತದಲ್ಲ, ಆ ನಂಬಿಕೆ ಗಟ್ಟಿಯಾದ ಮೇಲೆ ಕೊನೆಯ ಕೂಗು ಕೇಳು. ಆಗ ಅದು ಚೀರಾಟ ಅನಿಸಿದರೆ ನನಗೆ ಹೇಳು.

ಚೀರಾಟ ಬೇಕಾದರೆ ‘ಕೆ.ಜಿ.ಎಫ್.’ನ ಎರಡನೇ ಭಾಗ ಇದೆ. ಮೊದಲನೆಯದರಲ್ಲಿ ತಾಯಿಯ ಮಾತಿಗೆ ಒಂದಿಷ್ಟು ಜಾಗವಿತ್ತು, ಎರಡನೆಯದರಲ್ಲಿ ಬಂದೂಕಿಗೆ ಮಾತ್ರ. ಕಬ್ಬಿನ ಟ್ರ್ಯಾಕ್ಟರಿನವರು ರಾತ್ರಿಯಿಡೀ ಅದರ ಹಾಡು ಹಚ್ಚಿಕೊಂಡು ಹೋಗುವುದರಿಂದ ನನಗೆ ಅದರ ಮೇಲೆ ಇನ್ನಷ್ಟು ಸಿಟ್ಟು. ಇಷ್ಟು ಸಾಕು ಅದಕ್ಕೆ.

ನನ್ನ ಮಾತು ಒಂದೇ. ನಾವು ಗಡಿಯವರು, ನಮ್ಮ ಹತ್ತಿರ ಎರಡು ಕಿವಿಗೆ ಎರಡು ಭಾಷೆ ಇವೆ. ಬೆಂಗಳೂರಿನವನಿಗೂ ಪುಣೆಯವನಿಗೂ ಈ ಭಾಗ್ಯ ಸಲೀಸಾಗಿ ಸಿಗುವುದಿಲ್ಲ. ಮೂರನೆಯ ಭಾಷೆಯ ಡಬ್ಬಿಂಗ್ ನೋಡಿ ಅದನ್ನು ಹಾಳು ಮಾಡಿಕೊಳ್ಳಬೇಡ.

ಕರಾವಳಿಯ ಆಟ ನಮ್ಮ ಕಡೆಗೆ ಬಂದದ್ದು ‘ಕಾಂತಾರ’ ಮಾಡಿದ ರಿಷಬ್ ಶೆಟ್ಟಿಯಿಂದ ಅಂತ ತಿಳಿದುಕೊಂಡೀಯೆ. ಉತ್ತರ ಕನ್ನಡದ ಕಡೆಯ ಭಾಗವತ ಮೇಳ ಸಾಂಗ್ಲಿಗೆ ಬಂದು ಆಡಿದ್ದನ್ನು ನೋಡಿಯೇ ಇಲ್ಲಿನ ಸಂಸ್ಥಾನಿಕರು ವಿಷ್ಣುದಾಸ ಭಾವೆಗೆ ‘ಹಿಂಗ ಒಂದು ಮರಾಠ್ಯಾಗ ಮಾಡು’ ಎಂಬ ಅರ್ಥದಲ್ಲಿ ಅಪ್ಪಣೆ ಕೊಟ್ಟದ್ದು. 1843ರಲ್ಲಿ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಯಿತು, ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತದೆ. ಆಮೇಲೆ ನಾವು ಆ ಸಾಲ ಬಡ್ಡಿ ಸಮೇತ ವಾಪಸು ಪಡೆದೆವು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಬೆಂಗಳೂರಿನಲ್ಲಲ್ಲ, ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಾವು ಮಹಾಲಕ್ಷ್ಮಿಯ ದರ್ಶನಕ್ಕೆ ಹೋಗಿ ಸಂಜೆಗೆ ತಿರುಗಿ ಬರುವಷ್ಟು ದೂರ. ವೈ.ವಿ. ರಾವ್ ನಿರ್ದೇಶಕರು, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ. 1934ರ ಮಾರ್ಚ್ 3ಕ್ಕೆ ತೆರೆಕಂಡಿತು. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಕನ್ನಡ ಪರದೆಯ ಮೇಲೆ ಮೊದಲು ಹೇಗೆ ಮಾತಾಡಿತು ಎಂದು ಕೇಳುವ ದಾರಿ ನಿನಗೂ ಇಲ್ಲ, ನನಗೂ ಇಲ್ಲ. ಉಳಿದಿರುವುದನ್ನಾದರೂ ಪೂರ್ತಿ ಕುಳಿತು ಕೇಳು ಅಂತ ನಾನು ಬಡಕೊಳ್ಳುವುದು ಇದಕ್ಕೇ.

ಉಳಿದವುಗಳಲ್ಲಿ ಮೊದಲನೆಯದಾಗಿ ‘ಸಂತ ತುಕಾರಾಂ’ ನೋಡು. ಪ್ರಭಾತ್ ಕಂಪನಿಯದು, 1936ರದು. ದಾಮ್ಲೆ ಮತ್ತು ಫತ್ತೇಲಾಲ್ ಮಾಡಿದ್ದು. ಮಾರನೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಹೆಸರು ಮಾಡಿತು. “ಕಪ್ಪು-ಬಿಳುಪು ಭಕ್ತಿ ಪಿಕ್ಚರ್, ನಿದ್ದಿ ಬರ್ತದ” ಅಂತ ಮುಖ ಸೊಟ್ಟಗೆ ಮಾಡಬೇಡ. ವಿಷ್ಣುಪಂತ ಪಾಗನೀಸರ ತುಕಾರಾಂನನ್ನು ಲೋಕವೆಲ್ಲ ಹೊಗಳಿದೆ, ಹೊಗಳಲಿ. ನೀನು ಜಿಜಾಯಿಯನ್ನು ನೋಡು. ಪ್ರಭಾತ್‌ನಲ್ಲಿ ಸಣ್ಣಪುಟ್ಟ ವೇಷ ಹಾಕಿಕೊಂಡಿದ್ದ ಗೌರಿ ಎಂಬಾಕೆ ಅದನ್ನು ಮಾಡಿದ್ದಾಳೆ. ಗಂಡನಿಗೆ ವಿಠ್ಠಲನ ಚಿಂತೆ, ಈಕೆಗೆ ಹಿಟ್ಟಿನ ಡಬ್ಬಿಯ ಚಿಂತೆ. ಮಗ ಜಡ್ಡು ಬಿದ್ದಾಗ ಅವನನ್ನು ದರದರ ಎಳೆದುಕೊಂಡು ಗುಡಿಗೆ ಹೋಗಿ, ಕಾಲಾಗಿನ ಚಪ್ಪಲಿ ಕೈಗೆ ತಗೊಂಡು ದೇವರ ಎದುರು ನಿಲ್ಲುತ್ತಾಳೆ. ಆಕೆ ಬೈಯುವ ಧಾಟಿ ಕೇಳು. ನಮ್ಮ ಓಣಿಯಲ್ಲಿ ನೀರಿನ ಸರದಿ ತಪ್ಪಿದಾಗ ಕೇಳಿಬರುವ ಧಾಟಿಯೇ ಅದು, ಒಂದು ಸ್ವರವೂ ಹೆಚ್ಚು ಕಡಿಮೆ ಇಲ್ಲ. ಕೊನೆಗೆ ತುಕಾರಾಂ ವಿಮಾನ ಏರಿ ವೈಕುಂಠಕ್ಕೆ ಹೋಗುತ್ತಾನೆ. ಆಕೆ ಮಕ್ಕಳ ಜೊತೆ ಇಲ್ಲೇ ಉಳಿಯುತ್ತಾಳೆ. ಈಗಿನವರು ‘ಸ್ತ್ರೀಪ್ರಧಾನ ಚಿತ್ರ’ ಅಂತ ಬೋರ್ಡು ಹಚ್ಚಿ ಮಾಡುವ ಎಷ್ಟೋ ಪಿಕ್ಚರುಗಳಲ್ಲಿ ಈ ಒಂದು ಹೆಂಗಸಿನಷ್ಟು ಜೀವಂತ ಹೆಂಗಸು ಇಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಅದೇ ಕಂಪನಿಯ ‘ಮಾಣೂಸ್’ (1939) ಕೂಡ ಬಿಡಬೇಡ, ಶಾಂತಾರಾಮರದು. ಅದರಲ್ಲಿ ಮೈನಾ ಎಂಬ ವೇಶ್ಯೆಯ ಪಾತ್ರ ಮಾಡಿದ ಶಾಂತಾ ಹುಬ್ಳೀಕರ್ ನಮ್ಮಾಕೆ, ಹುಬ್ಬಳ್ಳಿ ಹತ್ತಿರದ ಅದರಗುಂಚಿಯಾಕೆ. ಒಂದೇ ಹಾಡಿನಲ್ಲಿ ಭಾಷೆಯ ಮೇಲೆ ಭಾಷೆ ಬದಲಿಸುತ್ತ ಹೋಗುತ್ತಾಳೆ, ಒಂದೊಂದು ಭಾಷೆಗೂ ಕುತ್ತಿಗೆ ಬೇರೆ, ಕಣ್ಣು ಬೇರೆ. ಇಷ್ಟು ಭಾಷೆಯಲ್ಲಿ ಹಾಡಿದವಳಿಗೆ ಡಬ್ಬಿಂಗಿನವರು ಬೇಕಾಗಿರಲಿಲ್ಲ.

ಇನ್ನು ನಮ್ಮ ಕಬ್ಬಿನ ಸೀಮೆಯವರು ಕಡ್ಡಾಯ ನೋಡಬೇಕಾದದ್ದು ‘ಸಾಮನಾ’. ವಿಜಯ ತೆಂಡುಲ್ಕರ್ ಬರೆದದ್ದು, ಜಬ್ಬಾರ್ ಪಟೇಲರ ಮೊದಲ ಚಿತ್ರ, 1975ರಲ್ಲಿ ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಗಿತ್ತು. ಸಕ್ಕರೆ ಕಾರ್ಖಾನೆ, ಸಹಕಾರಿ ಸಂಘ, ಕೋಳಿ ಫಾರ್ಮು ಎಲ್ಲ ಒಂದೇ ಮುಷ್ಟಿಯಲ್ಲಿಟ್ಟುಕೊಂಡ ಹಿಂದೂರಾವ್ ಧೋಂಡೆ ಪಾಟೀಲನಾಗಿ ನಿಳೂ ಫುಲೆ. ಕುಡಿದು ಊರೂರು ಅಲೆಯುತ್ತ ಬಂದು ಅವನ ಮನೆ ಸೇರುವ ಮಾಸ್ತರನಾಗಿ ಶ್ರೀರಾಮ ಲಾಗೂ. ಊರಿನಲ್ಲಿ ಒಬ್ಬ ಕಾಣೆಯಾಗಿದ್ದಾನೆ. ಅವನು ಏನಾದ ಅಂತ ಮಾಸ್ತರ ಕೇಳುತ್ತಾನೆ, ಮತ್ತೆ ಕೇಳುತ್ತಾನೆ, ಬೇರೇನೂ ಮಾಡುವುದಿಲ್ಲ. ನೀನು ನಿಳೂ ಫುಲೆಯ ದನಿ ಹಿಡಿದುಕೊಂಡು ನೋಡು. ಆ ಮನುಷ್ಯ ಒದರುವುದೇ ಇಲ್ಲ. ಮಾತು ಮೂಗಿನ ಹತ್ತಿರ ಎಲ್ಲೋ ಹುಟ್ಟಿ, ತುಟಿಯ ಅಂಚಿನಿಂದ ಸರಿದುಕೊಂಡು ಬರುತ್ತದೆ. ಆದರದಿಂದಲೇ ಮಾತಾಡುತ್ತಾನೆ, ಕುಳಿತುಕೊಳ್ಳಿ ಅನ್ನುತ್ತಾನೆ, ಅಷ್ಟಕ್ಕೇ ಎದುರಿನವನ ಬೆವರು ಇಳಿಯುತ್ತದೆ. ಈ ಕಡೆ ಚೇರಮನ್ನರ ಮುಂದೆ ಅರ್ಜಿ ಹಿಡಿದು ನಿಂತವರಿಗೆ ಆ ಮೆಲುದನಿಯ ಪರಿಚಯ ಇದ್ದೇ ಇರುತ್ತದೆ, ಯಾವ ಕಾರ್ಖಾನೆ ಅಂತ ನಾನು ಹೇಳುವುದಿಲ್ಲ. ಎಂಬತ್ತು ಗೂಂಡಾಗಳನ್ನು ಹಾರಿಸುವ ಇವತ್ತಿನ ಖಳನಾಯಕರು ಈ ಮನುಷ್ಯನ ಒಂದು ನಗೆಯ ಮುಂದೆ ಹುಡುಗರು.

ಲಾಗೂ ಅಂದ ಮೇಲೆ ‘ಪಿಂಜ್ರಾ’ (1972) ಹೇಳದೆ ಬಿಟ್ಟರೆ ಹೇಗೆ? ಮಂದಿಗೆಲ್ಲ ಅದು ಸಂಧ್ಯಾಳ ಕುಣಿತದ ಪಿಕ್ಚರ್, ಲಾವಣಿಯ ಪಿಕ್ಚರ್. ನನಗೆ ಅದು ಲಾಗೂ ಅವರದ್ದು. ಊರಿಗೆ ನೀತಿ ಕಲಿಸಿದ ಗುರೂಜಿ ತಮಾಶಾ ಫಡಿನ ಹಿಂದೆ ಬಿದ್ದು ಹೋಗುತ್ತಾನೆ. ಊರವರು ಅವನು ಸತ್ತನೆಂದು ಪ್ರತಿಮೆ ನಿಲ್ಲಿಸಿ ಪೂಜೆ ಮಾಡುತ್ತಾರೆ. ಕಡೆಗೆ ಗುರೂಜಿಯನ್ನು ಕೊಂದವನು ಇವನೇ ಎಂದು ಗುರೂಜಿಯನ್ನೇ ಹಿಡಿಯುತ್ತಾರೆ! ತನ್ನ ಹೆಸರು ಉಳಿಸಲು ತಾನೇ ಸಾಯಲು ಒಪ್ಪುವ ಈ ಕಥೆಯಲ್ಲಿ ಕುಣಿತ ಇನ್ನೂ ಒಂದು ಕಡಿಮೆ ಇದ್ದರೂ ನಡೆಯುತ್ತಿತ್ತು.

ಕನ್ನಡದ ಹಳೆಯದು ಏನು ನೋಡಲಿ ಅಂತ ಕೇಳಿದ್ದೆ. ‘ಬಂಗಾರದ ಮನುಷ್ಯ’ ಎಲ್ಲರೂ ಹೇಳುತ್ತಾರೆ, ನೋಡಿಕೋ. ನಾನು ‘ಸಂಪತ್ತಿಗೆ ಸವಾಲ್’ (1974) ಹೇಳುತ್ತೇನೆ. ನಮ್ಮ ಉತ್ತರ ಕರ್ನಾಟಕದ ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕ ಅದರ ಬೇರು. ಅಲ್ಲಿಯತನಕ ಪರದೆಯ ಮೇಲಿನ ರಾಜಕುಮಾರ್‌ಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು. ಇದರಲ್ಲಿ ಎಮ್ಮೆಯ ಮೇಲೆ ಕುಳಿತು ರಾಜಕುಮಾರ್ ತಾವೇ ಹಾಡಿದರು, ಅಲ್ಲಿಂದ ಮುಂದೆ ಮುಖ ಅವರದೇ, ಕಂಠ ಅವರದೇ ಆಯಿತು. ಹಾಡಿನ ಕಿವಿ ಇದ್ದರೆ ‘ಸಂಧ್ಯಾರಾಗ’ವನ್ನೂ (1966) ಸೇರಿಸು, ಅದರಲ್ಲಿ ಭೀಮಸೇನ ಜೋಶಿ ಹಾಡಿದ್ದಾರೆ. ಭೀಮಸೇನರ ಗುರು ಕುಂದಗೋಳದ ಸವಾಯಿ ಗಂಧರ್ವರು, ಅವರ ಗುರು ಅಬ್ದುಲ್ ಕರೀಂ ಖಾನ್ ಸಾಹೇಬರು ನಮ್ಮ ಮಿರಜಿನಲ್ಲೇ ಮಣ್ಣಾದವರು. ಅಲ್ಲಿನ ದರ್ಗಾದ ಉರುಸಿನ ಸಂಗೀತಕ್ಕೆ ಒಮ್ಮೆ ಹೋಗಿ ಬಂದು ಆಮೇಲೆ ಪಿಕ್ಚರ್ ಹಚ್ಚು.

ಹೊಸದರಲ್ಲಿ ನನ್ನನ್ನು ಹಿಡಿದು ಕೂರಿಸಿದವನು ನಾಗರಾಜ ಮಂಜುಳೆ. ‘ಸೈರಾಟ್’ (2016) ನಿನ್ನ ವಾರಿಗೆಯವರಿಗೆ ಬಾಯಿಪಾಠ. ಅದರ ಕೊನೆಯ ಕೆಲವು ನಿಮಿಷ ಅವನು ದನಿಯನ್ನೇ ತೆಗೆದುಬಿಟ್ಟಿದ್ದಾನೆ, ನೀನು ಗಮನಿಸಿದೆಯೋ ಇಲ್ಲವೋ. ಮರುವರ್ಷ ಅದೇ ರಿಂಕು ರಾಜಗುರುವನ್ನು ಕರೆತಂದು ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಮಾಡಿದರು. ಹುಡುಗಿ ಅವಳೇ, ಕಥೆ ಅದೇ, ಊರು ಮಾತ್ರ ಬರಲಿಲ್ಲ. ಎರಡೂ ಭಾಷೆ ಬಲ್ಲ ನೀನು ಎರಡನ್ನೂ ಬೆನ್ನಿಗೆ ಬೆನ್ನು ನೋಡಿದರೆ ರಿಮೇಕಿನ ಬಗ್ಗೆ ಯಾರ ವಿಮರ್ಶೆಯೂ ಬೇಡ.

ಆದರೆ ‘ಸೈರಾಟ್’ಗಿಂತ ಮೊದಲಿನ ‘ಫ್ಯಾಂಡ್ರಿ’ಯೇ ದೊಡ್ಡದು. ಹಂದಿ ಹಿಡಿಯುವ ಕೈಕಾಡಿ ಮನೆತನದ ಹುಡುಗ ಜಬ್ಯಾ. ಶಾಲೆಯ ಹುಡುಗರೆಲ್ಲ ನೋಡುತ್ತಿರುವಾಗ ಮನೆಮಂದಿಯ ಜೊತೆ ಅವನೂ ಹಂದಿಯ ಹಿಂದೆ ಓಡಬೇಕು. ಅಂತೂ ಹಂದಿ ಕೈಗೆ ಸಿಗಬೇಕು ಅನ್ನುವಷ್ಟರಲ್ಲಿ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಇವರೆಲ್ಲ ಇದ್ದಲ್ಲೇ ನೆಟ್ಟಗೆ ನಿಲ್ಲುತ್ತಾರೆ, ಹಂದಿ ಅದರ ಪಾಡಿಗೆ ಅದು ನಡೆದು ಹೋಗುತ್ತದೆ. ಮುಂದೆ ಹಿಡಿದ ಹಂದಿಯನ್ನು ಹೊತ್ತು ಶಾಲೆಯ ಗೋಡೆಯ ಪಕ್ಕದಿಂದ ಸಾಗುವಾಗ ಆ ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ, ಗಾಡಗೆ ಮಹಾರಾಜರ ಚಿತ್ರಗಳು. ಒಬ್ಬರೂ ಒಂದು ಮಾತು ಆಡುವುದಿಲ್ಲ. ಇದನ್ನು ನೋಡುತ್ತ ನಡುವೆ ಫೋನ್ ತೆಗೆದು ಮೆಸೇಜ್ ಮಾಡಿದರೆ ನೀನು ಫ್ಯಾಂಡ್ರಿ ನೋಡಿಲ್ಲ ಅಂತಲೇ ಲೆಕ್ಕ.

ಕನ್ನಡದಲ್ಲಿ ಅದರ ಸರಿಸಮ ಕೂರುವುದು ‘ತಿಥಿ’. ರಾಮ್ ರೆಡ್ಡಿ ಮಾಡಿದ್ದು, ಮಂಡ್ಯದ ನೊದೆಕೊಪ್ಪಲಿನ ಊರಿನವರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿ. 2015ರಲ್ಲಿ ಲೊಕಾರ್ನೋದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಹಾದಿಹೋಕರನ್ನೆಲ್ಲ ಬೈಯುತ್ತ ಕುಳಿತ ನೂರಾ ಒಂದು ವರ್ಷದ ಮುದುಕ ಸತ್ತುಬೀಳುವುದರಿಂದ ಶುರು. ಮಗ ಗಡ್ಡಪ್ಪನಿಗೆ ಅಪ್ಪನ ತಿಥಿಯೂ ಬೇಡ, ಹೊಲವೂ ಬೇಡ, ಬ್ರಾಂಡಿಯ ಸಣ್ಣ ಬಾಟ್ಲಿ ಇದ್ದರೆ ಸಾಕು. ಮಂಡ್ಯದ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಬಹಳ ದೂರ, ಆದರೂ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡು. ನಮ್ಮ ಕಡೆಯ ಮಾತೇ ಬೇಕು ಅಂದರೆ ಕಾಸರವಳ್ಳಿಯವರ ‘ಕನಸೆಂಬೋ ಕುದುರೆಯನೇರಿ’ ಇದೆ. ನಗಿಸುವ ನಟ ಅಂತ ತಿಳಿದಿದ್ದ ಬಿರಾದಾರ ಅದರಲ್ಲಿ ಕುಣಿ ತೋಡುವ ಈರ್ಯಾ ಆಗಿದ್ದಾನೆ. ನಗು ಬರುವುದಿಲ್ಲ.

ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತೀ ಅಂತ ನಿನ್ನ ತಂಗಿ ಚಾಡಿ ಹೇಳಿದ್ದಾಳೆ. ಅದೊಂದು ಬಿಡು. ನಿಳೂ ಫುಲೆ ಎರಡು ಮಾತಿನ ನಡುವೆ ಬಿಡುವ ಮೌನ ಓಡಿಸಿದರೆ ಉಳಿಯುವುದಿಲ್ಲ. ನಕ್ಷತ್ರದ ಲೆಕ್ಕ ನೋಡಿ ಪಿಕ್ಚರ್ ಆರಿಸಬೇಡ, ನೋಡಿ ಮುಗಿದ ಅರ್ಧ ಗಂಟೆ ಯಾರ ಅಭಿಪ್ರಾಯವನ್ನೂ ಓದಬೇಡ, ನನ್ನದನ್ನೂ.

ಅರಿಷಿಣ ಕುದಿಸುವ ಕೆಲಸ ಮುಗಿದ ಮೇಲೆ ನನಗೂ ಬಿಡುವು. ಇವುಗಳಲ್ಲಿ ಯಾವುದನ್ನಾದರೂ ನೋಡಿ ಬಾ, ಜಗಳ ಆಡೋಣ. ‘ಸಂಪತ್ತಿಗೆ ಸವಾಲ್’ ನಿನಗೆ ಹಿಡಿಸದಿದ್ದರೆ ಕೇಳಿಕೊಳ್ಳುತ್ತೇನೆ, ‘ಕೆ.ಜಿ.ಎಫ್.’ ಪರವಾಗಿ ವಾದ ಮಾಡಿದರೂ ಚಹಾ ಕುಡಿಸಿಯೇ ಕಳಿಸುತ್ತೇನೆ. ಜಿಜಾಯಿಯ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ.